ಕಿವಿ ಮನೆಗೆ ಬಂತಾ?

"ಮೇಡಂ, ಐಸ್‌ಕ್ರೀಮ್ ಡಬ್ಬದ ಪಕ್ಕ ಗ್ರೀಸ್ ಇಟ್ಟಿರೋದು ನೀವೇನಾ? ಯಾರಾದ್ರೂ ಅದನ್ನೇ ಬಟ್ಟಲಿಗೆ ಹಾಕಿಸ್ಕೊಂಡು ತಿಂದ್ರೆ ನನ್ನ ಕ್ಯಾಂಟೀನಿನ ಗತಿ ಏನು?"

"ನಿನ್ನ ಐಸ್‌ಕ್ರೀಮಿಗಿಂತ ರುಚಿಯಾಗೇ ಇರತ್ತೆ ಬಿಡು. ಬಾಗಿಲು ಮಾತ್ರ ತೆಗೀಬೇಡ. ಇನ್ನೊಂದು ಟೀ ಕೊಡು."

ಕ್ಯಾಂಟೀನಿನವನು ಗೊಣಗುತ್ತಾ ಒಲೆಯ ಕಡೆ ಹೋದ. ಅವನ ಫ್ರೀಜರಿನೊಳಗೆ ನನ್ನ ಎರಡು ಚಮಚಗಳು ಬೆಳಿಗ್ಗೆಯಿಂದ ಚಳಿ ತಿನ್ನುತ್ತಾ ಕೂತಿದ್ದವು.

ಎಂಟು ಸೀಟಿನ ಒಂದು ಕಂಪನಿ ಜೆಟ್ಟು, ಮೋಡಗಳಿಗಿಂತ ಎಷ್ಟೋ ಮೇಲೆ ಹಾರುತ್ತಿದ್ದಾಗ ಇದ್ದಕ್ಕಿದ್ದಂತೆ ಅದರ ಚುಕ್ಕಾಣಿ ಬಿಗಿದುಕೊಂಡಿತು. ಕೆಳಗಿಳಿಯುತ್ತಾ ತಾನಾಗಿಯೇ ಸಡಿಲವಾಯಿತು. ನೆಲದ ಮೇಲೆ ಎಷ್ಟು ತಡಕಿದರೂ ದೋಷ ಮಾತ್ರ ಕೈಗೆ ಸಿಗುತ್ತಿಲ್ಲ. ಅದನ್ನು ಹುಡುಕುವ ಕೆಲಸ ನನ್ನದು. ಇಷ್ಟು ಗೊತ್ತಿದ್ದರೆ ಸಾಕು.

ಎದುರಿಗೆ ಪುಟ್ಟಿ ಕೂತಿದ್ದಳು. ನನಗೆ ವಿಮಾನದ ಕೆಲಸ ಕಲಿಸಿದ ಮೇಷ್ಟ್ರ ಮಗಳು. ಮೇಷ್ಟ್ರು ಕಟ್ಟಿ ಬೆಳೆಸಿದ, ವಿಮಾನ ರಿಪೇರಿಯ ಈ ಹ್ಯಾಂಗರಿಗೆ ಈಗ ಅವಳೇ ಯಜಮಾನಿ, ಆ ಜೆಟ್ಟಿನ ಸರ್ವೀಸಿಗೆ ಕೊನೆಯ ಸಹಿ ಹಾಕಿದವಳೂ ಅವಳೇ. ತಲೆಯಲ್ಲಿ ಒಂದೆರಡು ಬಿಳಿ ಕೂದಲು ಕಾಣಿಸಿಕೊಂಡರೂ ನಮಗೆಲ್ಲ ಅವಳು ಪುಟ್ಟಿಯೇ. ನಾಳೆ ಬೆಳಿಗ್ಗೆ ವಿಚಾರಣೆ. ದೋಷಕ್ಕೆ ಬೇರೆ ಕಾರಣ ಸಿಗದಿದ್ದರೆ ಅವಳ ಲೈಸೆನ್ಸ್ ಹೋಗುತ್ತದೆ, ಅದರ ಹಿಂದೆಯೇ ಹ್ಯಾಂಗರಿಗೆ ಬೀಗ ಬೀಳುತ್ತದೆ.

"ಟೀ ಕುಡಿ. ತಣ್ಣಗಾಗ್ತಿದೆ" ಎಂದೆ.

"ಗಂಟಲಲ್ಲಿ ಇಳೀತಿಲ್ಲ ಅತ್ತೆ."

ನನಗೂ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಹೋಗಿ ಫ್ರೀಜರಿನ ಬಾಗಿಲು ತೆಗೆದೆ.

ಮೊದಲನೆಯ ಚಮಚದಲ್ಲಿ ಪುಟ್ಟಿಯ ಸ್ಟೋರಿನ ಡಬ್ಬದಿಂದ ತೆಗೆದ ಗ್ರೀಸ್ ಇತ್ತು. ಬೆರಳಿಟ್ಟರೆ ಬೆರಳು ಒಳಗಿಳಿಯಿತು. ಎರಡನೆಯದರಲ್ಲಿ ಜೆಟ್ಟಿನ ಹೊಟ್ಟೆಯೊಳಗಿನ ಒಂದು ರಾಟೆಯಿಂದ ಕೆರೆದು ತೆಗೆದದ್ದು. ಚಮಚವನ್ನು ಮೇಜಿನ ಅಂಚಿಗೆ ಕುಟ್ಟಿದೆ. ಟಕ್ ಎಂದಿತು.

"ಮೇಣ ಆಗಿದೆ!" ಪುಟ್ಟಿ ಎದ್ದೇ ನಿಂತಳು.

ಕ್ಯಾಂಟೀನಿನವನು ಇಣುಕಿ ನೋಡಿ, "ಹೌದು ಮೇಡಂ, ನನ್ನ ಐಸ್‌ಕ್ರೀಮ್ ಕೂಡ ಇಷ್ಟು ಗಟ್ಟಿ ಆಗಲ್ಲ" ಎಂದು ಪ್ರಮಾಣಪತ್ರ ಕೊಟ್ಟ.

ಚುಕ್ಕಾಣಿ ತಿರುಗಿಸಿದರೆ ಉಕ್ಕಿನ ಕೇಬಲ್ಲು ಎಳೆಯುತ್ತದೆ. ಕೇಬಲ್ಲು ರಾಟೆಗಳ ಮೇಲೆ ಹಾದು ರೆಕ್ಕೆಯೊಳಕ್ಕೆ ಹೋಗಿ ಕಿವಿಯನ್ನು ಆಡಿಸುತ್ತದೆ. ಕಿವಿ ಎಂದರೆ ರೆಕ್ಕೆಯ ತುದಿಯಂಚಿನ ಹಲಗೆ. ಒಂದು ಕಡೆಯದು ಮೇಲೆದ್ದರೆ ಇನ್ನೊಂದು ಕಡೆಯದು ಕೆಳಗೆ ಬಾಗುತ್ತದೆ, ವಿಮಾನ ವಾಲಿ ತಿರುಗುತ್ತದೆ. ಪುಸ್ತಕದಲ್ಲಿ ಅದಕ್ಕೆ ಏಲೆರಾನ್ ಎಂದು ಹೆಸರು. ನಮ್ಮ ಮೇಷ್ಟ್ರು ಕಿವಿ ಎಂದರು, ನಮಗೂ ಕಿವಿಯೇ ಆಯಿತು.

ಆ ರಾಟೆಯ ಬೇರಿಂಗಿನ ತುಂಬ ಯಾರೋ ಬೇರೆ ಜಾತಿಯ ಗ್ರೀಸ್ ತುರುಕಿದ್ದರು. ಬಣ್ಣ ಒಂದೇ, ನೆಲದ ಮೇಲೆ ಎರಡೂ ಮೆತ್ತಗೇ. ಮೇಲೆ ಹೋಗಿ ಮೈನಡುಗುವ ಚಳಿ ತಗುಲಿದಾಗ ಒಂದು ಮೆತ್ತಗೇ ಇರುತ್ತದೆ, ಇನ್ನೊಂದು ಕಲ್ಲಾಗುತ್ತದೆ. ಕೆಳಗಿಳಿದು ಬೆಚ್ಚಗಾದರೆ ಮತ್ತೆ ಏನೂ ಗೊತ್ತಿಲ್ಲದ ಹಾಗೆ ಕರಗಿ ಕೂರುತ್ತದೆ. ಅಪರಾಧ ಮಾಡಿ ಸಭ್ಯನ ಮುಖ ಹೊತ್ತು ಬರುವ ಇಂಥ ಕಳ್ಳನನ್ನು ನಾನು ಕಂಡದ್ದು ಕಡಿಮೆ.

"ಅತ್ತೆ, ಹಾಗಾದ್ರೆ ನಾನು ಗೆದ್ದ ಹಾಗೇನಾ?"

"ಅರ್ಧ. ತಪ್ಪು ಗ್ರೀಸ್ ತುಂಬಿದ್ದೂ ನೀನೇ ಅಂತಾರೆ ಸಮಿತಿಯವರು. ಇಲ್ಲಿಂದ ಹೊರಟ ಮೇಲೆ ಬೇರೆ ಯಾರೋ ಆ ರಾಟೆಯ ಮುಚ್ಚಳ ಬಿಚ್ಚಿದ್ದಾರೆ ಅಂತ ತೋರಿಸಬೇಕು. ಯಾರಿರಬಹುದು?"

"ನಂಗೇನು ಗೊತ್ತು? ಇಲ್ಲಿಂದ ಹೋದ ಮೇಲೆ, ವಾಪಸ್ಸು ತರೋ ತನಕ ನಾನು ಆ ವಿಮಾನದ ಮುಖಾನೂ ನೋಡಿಲ್ಲ. ಚುಕ್ಕಾಣಿ ಬಿಗಿದ ದಿನ ಅಮ್ಮನ ಕಣ್ಣಿನ ಆಪರೇಷನ್ನು. ಇಡೀ ದಿನ ಆಸ್ಪತ್ರೆ ಬೆಂಚಿನ ಮೇಲೇ ಕೂತಿದ್ದೆ."

ಅವಳ ಕೆನ್ನೆ ತಟ್ಟಿದೆ. ಹೀಗೆ ತಟ್ಟಿದಾಗಲೆಲ್ಲ ಅವಳು ಮೂಗು ಮುರಿಯುತ್ತಾಳೆ. ಇವತ್ತು ಮುರಿಯಲಿಲ್ಲ.

"ಕ್ಯಾಪ್ಟನ್ ಬರ್ತಿದ್ದಾರೆ. ಮಾತಾಡಿಸ್ತೀನಿ. ನೀನೂ ಇರು" ಎಂದೆ.

"ವಕೀಲರು ಕಾಯ್ತಿದ್ದಾರೆ ಅತ್ತೆ. ಹೋಗಿ ಬಂದ್ಬಿಡ್ತೀನಿ" ಎಂದು ಬ್ಯಾಗು ಹೆಗಲಿಗೇರಿಸಿದಳು.

*

ಕ್ಯಾಪ್ಟನ್ನರ ಬಲಗೈ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು. ಕಲ್ಲಾಗಿ ನಿಂತ ಚುಕ್ಕಾಣಿಯ ಜೊತೆ ಗುದ್ದಾಡಿ ಉಳುಕಿಸಿಕೊಂಡದ್ದು. ಆ ಕೈ ಇಲ್ಲದಿದ್ದರೆ ವಿಮಾನದಲ್ಲಿದ್ದ ಐದು ಜನರ ಕಥೆ ಅವತ್ತೇ ಮುಗಿದಿರುತ್ತಿತ್ತು.

"ನಾನು ಹೇಳೋದೆಲ್ಲ ಹೇಳಿ ಆಗಿದೆ ಮೇಡಂ. ಮತ್ತೆ ಏನು ಕೇಳ್ತೀರಿ?"

"ಏನೂ ಕೇಳಲ್ಲ. ಬನ್ನಿ, ನಿಮ್ಮ ಸೀಟಲ್ಲಿ ಕೂತ್ಕೊಳ್ಳಿ."

ಕುರ್ಚಿಯಲ್ಲಿ ಕೂರಿಸಿ ಪ್ರಶ್ನೆ ಕೇಳಿದರೆ ಮನುಷ್ಯ ತಾನು ಮೊದಲು ಹೇಳಿದ್ದನ್ನೇ ಮತ್ತೆ ಹೇಳುತ್ತಾನೆ. ಕೆಲಸದ ಜಾಗದಲ್ಲಿ ಕೂರಿಸಿದರೆ ಅವನ ಕೈಗಳು ಮಾತಾಡುತ್ತವೆ. ಇದು ಮೇಷ್ಟ್ರು ಕಲಿಸಿದ್ದು. ಅವರು ಇದನ್ನು ವಿಮಾನದ ವಿಷಯಕ್ಕೆ ಹೇಳಿದ್ದರು, ನಾನು ಮನುಷ್ಯರ ಮೇಲೂ ಪ್ರಯೋಗ ಮಾಡುತ್ತಾ ಬಂದೆ.

ಮುಂಭಾಗದ ಆ ಇಕ್ಕಟ್ಟು ಗೂಡಿಗೆ ತಲೆ ತಗ್ಗಿಸಿ ಹೊಕ್ಕೆ. ಚರ್ಮದ ಸೀಟು, ಬಿಸಿಯಾದ ತಂತಿ, ಯಾರೋ ಎಂದೋ ಚೆಲ್ಲಿದ ಕಾಫಿ, ಎಲ್ಲ ಸೇರಿದ ಆ ಹಳೆಯ ವಾಸನೆ. ನನ್ನ ಯೌವನವೆಲ್ಲ ಈ ವಾಸನೆಯಲ್ಲೇ ಕಳೆಯಿತು. ಊಟದ ಡಬ್ಬ ಬಿಚ್ಚುತ್ತಿದ್ದದ್ದು ರೆಕ್ಕೆಯ ನೆರಳಲ್ಲಿ, ಜಗಳವಾಡಿದ್ದು ಏಣಿಯ ಮೇಲೆ, ಅಳು ಬಂದಾಗ ಅತ್ತದ್ದು ಬಾಲದ ಮರೆಯಲ್ಲಿ. ಮೂಗಿಗೆ ತಗುಲಿದರೆ ಈಗಲೂ ಕಣ್ಣು ಹನಿಗೂಡುತ್ತದೆ.

"ಅವತ್ತು ನಡುವೆ ಒಂದು ಸಣ್ಣ ಏರ್‌ಪೋರ್ಟಲ್ಲಿ ಇಳಿದಿದ್ರಲ್ಲ. ಅಲ್ಲಿಂದ ಹೊರಡೋ ಮುಂಚೆ ಏನೇನು ಮಾಡಿದ್ರಿ, ಅದನ್ನೇ ಮಾಡಿ" ಎಂದೆ.

ಅವರ ಎಡಗೈ ಮೇಲಿನ ಗುಂಡಿಗಳ ಮೇಲೆ ಓಡಿತು. ಆಮೇಲೆ ಚುಕ್ಕಾಣಿ ಹಿಡಿದು ಎಡಕ್ಕೆ ತಿರುಗಿಸಿದರು. ಬಲಕ್ಕೆ ತಿರುಗಿಸಿದರು. ನಡುವಿಗೆ ತಂದು ನಿಲ್ಲಿಸಿ, ಕಿಟಕಿಯಿಂದ ಹೊರಗೆ ನೋಡಿ, ಹೆಬ್ಬೆರಳೆತ್ತಿ ತೋರಿಸಿದರು.

ಆ ಹೆಬ್ಬೆರಳನ್ನು ಹಾಗೇ ಹಿಡಿದುಕೊಂಡೆ. "ಇದು ಯಾರಿಗೆ?"

ಕ್ಯಾಪ್ಟನ್ ತಮ್ಮ ಬೆರಳನ್ನು ತಾವೇ ಮೊದಲ ಸಲ ನೋಡುವವರಂತೆ ನೋಡಿದರು.

"ಹ್ಞಾ... ಅವರಿಗೆ. ಮೆಕ್ಯಾನಿಕ್ ಒಬ್ರು ಬಂದಿದ್ರು."

"ಯಾವ ಮೆಕ್ಯಾನಿಕ್? ನಿಮ್ಮ ಹೇಳಿಕೆಯಲ್ಲಿ ಯಾರೂ ಇಲ್ಲವಲ್ಲ!"

"ಯಾರೂ ಕೇಳಲಿಲ್ಲ. ಅದೇನು ದೊಡ್ಡ ವಿಷಯ ಅಂತ ನನಗೂ ಅನ್ನಿಸಲಿಲ್ಲ. ಸರ್ವೀಸ್ ಆದ ಮೇಲೆ ಒಂದು ಸಣ್ಣ ಕೆಲಸ ಬಾಕಿ ಉಳಿದಿದೆ, ಹೊಟ್ಟೆಯ ಮುಚ್ಚಳ ತೆಗೆದು ರಾಟೆಗೆ ಸ್ವಲ್ಪ ಗ್ರೀಸ್ ಕೊಟ್ಟುಬಿಡ್ತೀನಿ ಅಂದ್ರು. ಬ್ಯಾಡ್ಜಿತ್ತು, ಡ್ರೆಸ್ಸಿತ್ತು. ನಾನು ಒಳಗೆ ಕೂತು ದಾರಿಯ ಹವಾಮಾನ ನೋಡ್ತಿದ್ದೆ."

ಬೇಟೆ ತಾನಾಗಿ ಬಂದು ಮಡಿಲಿಗೆ ಬಿದ್ದಿತ್ತು.

"ಮುಖ ನೋಡಿದ್ರಾ?"

"ಟೊಪ್ಪಿ, ಕಪ್ಪು ಕನ್ನಡಕ, ಶಬ್ದಕ್ಕೆ ಕಿವಿ ಮುಚ್ಚೋ ಡಬ್ಬಿ. ರನ್‌ವೇ ಪಕ್ಕ ಕೆಲಸ ಮಾಡೋರೆಲ್ಲ ಹಾಗೇ ಅಲ್ವಾ? ಕೆಲಸ ಮಾತ್ರ ಚುರುಕು. ಆಮೇಲೆ ರೆಕ್ಕೆ ತುದೀಲಿ ನಿಂತ್ಕೊಂಡು, ತಿರುಗಿಸಿ ಕ್ಯಾಪ್ಟನ್ ಅಂದ್ರು. ತಿರುಗಿಸಿದೆ. ನಡುವಿಗೆ ತಂದೆ. ಆಗ ಏನೋ ತಮಾಷೆಯಾಗಿ ಕೂಗಿದ್ರು." ಕ್ಯಾಪ್ಟನ್ ನಕ್ಕರು. "ನಾವೆಲ್ಲ ನ್ಯೂಟ್ರಲ್ ಅಂತೀವಿ. ಅವರು ಹಾಡಿನ ಥರ ಎಳೆದು, ಬಂತೂ... ಮನೆಗೆ ಬಂತೂ... ಅಂದ್ರು. ಯಾರ ಮನೆಗೆ ಯಾರು ಬಂದ್ರಪ್ಪಾ ಅಂತ ನನಗೆ ನಗು."

ನನಗೆ ನಗು ಬರಲಿಲ್ಲ.

"ಇನ್ನೊಂದ್ಸಲ ಹೇಳಿ. ಅವರು ಅಂದ ಹಾಗೇ."

ಕ್ಯಾಪ್ಟನ್ ನಾಚಿಕೊಳ್ಳುತ್ತಲೇ ಗುನುಗಿದರು. ಮೊದಲ 'ತೂ' ಮೇಲಕ್ಕೆ ಏರಿತು, ಎರಡನೆಯದು ಅಲ್ಲೇ ಸ್ವಲ್ಪ ತೂಗಾಡಿ ಮೆಲ್ಲಗೆ ಕೆಳಗಿಳಿಯಿತು.

ಆ ರಾಗ ನನಗೆ ಗೊತ್ತಿತ್ತು. ಇಡೀ ಪ್ರಪಂಚದಲ್ಲಿ ಅದನ್ನು ಹಾಡುತ್ತಿದ್ದದ್ದು ಒಂದೇ ಒಂದು ಗುಂಪು. ಕ್ಯಾಪ್ಟನ್ ಹಿಂದಿನಿಂದ "ಮೇಡಂ, ಇನ್ನೊಂದು ವಿಷಯ..." ಎನ್ನುತ್ತಿದ್ದರು. "ಆಮೇಲೆ ಫೋನ್ ಮಾಡ್ತೀನಿ" ಎಂದು ಮೆಟ್ಟಿಲಿಳಿದು ಕಾರಿನತ್ತ ಓಡಿದೆ. ಅರ್ಧ ಮಾತು ಕೇಳಿ ಎದ್ದು ಓಡುವುದರಲ್ಲಿ ನಾನು ಎತ್ತಿದ ಕೈ.

*

ಆ ಗುಂಪಿನಲ್ಲಿ ಇದ್ದದ್ದು ಮೇಷ್ಟ್ರು, ನಾನು, ಹಾಡಣ್ಣ.

ಹಾಡಣ್ಣನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಬಾಯಲ್ಲಿ ಹಾಡಿಲ್ಲದೆ ಅವನ ಕೈಗೆ ಸ್ಪ್ಯಾನರು ನಿಲ್ಲುತ್ತಿರಲಿಲ್ಲ. ತಗಡಿನ ಚಾವಣಿಯ ಆ ಹ್ಯಾಂಗರಿನಲ್ಲಿ ಅವನ ದನಿ ಒಂದು ಮೂಲೆಯಿಂದ ಹೊರಟು ನಾಲ್ಕೂ ಮೂಲೆ ಮುಟ್ಟಿ ವಾಪಸ್ಸು ಬರುತ್ತಿತ್ತು. ನಾನು ಒಳಗೆ ಕೂತು ಚುಕ್ಕಾಣಿ ತಿರುಗಿಸಿ, "ಕಿವಿ ಮನೆಗೆ ಬಂತಾ?" ಎಂದು ಕೂಗಬೇಕು. ರೆಕ್ಕೆಯಂಚಿಗೆ ಕೈಯಿಟ್ಟು, ಹಲಗೆ ರೆಕ್ಕೆಗೆ ಸಮವಾಗಿ ನಿಂತಿದೆ ಎಂದು ಖಾತ್ರಿ ಮಾಡಿಕೊಂಡು, ಅವನು ಹೊರಗಿನಿಂದ "ಬಂತೂ... ಮನೆಗೆ ಬಂತೂ..." ಎಂದು ಹಾಡಬೇಕು. ಆಗ ಮೇಷ್ಟ್ರು ಕನ್ನಡಕ ಹಣೆಗೇರಿಸಿ, "ಹಾಡಿದ್ದು ಸಾಕು, ಅಲ್ಲಾಡದ ಹಾಗೆ ಪಿನ್ನು ಹಾಕು" ಎನ್ನಬೇಕು. ಬೇರೆ ಗುಂಪಿನವರು ನಮ್ಮನ್ನು ನೋಡಿ ನಗುತ್ತಿದ್ದರೇ ಹೊರತು ಆ ಮಾತನ್ನು ಬಾಯಿಗೆ ತಂದವರಲ್ಲ.

ಮೇಷ್ಟ್ರು ಹೋದ ಮೇಲೆ ಹ್ಯಾಂಗರು ತನಗೆ ಬರುತ್ತದೆಂದು ಹಾಡಣ್ಣ ನಂಬಿದ್ದ. ಅದು ಮಗಳಿಗೆ ಹೋಯಿತು. ಮಾತಿಗೆ ಮಾತು ಬೆಳೆಯಿತು. ನಾನು ಪುಟ್ಟಿಯ ಪರ ನಿಂತೆ. ಅವತ್ತಿನಿಂದ ಹಾಡಣ್ಣನ ಮನೆಯ ದಾರಿ ನನ್ನ ಕಾಲಿಗೆ ಮರೆತುಹೋಯಿತು. ದ್ವೇಷಕ್ಕೆ ಕಾರಣ ಬೇಕೆಂದರೆ ಅವನ ಬಳಿ ರಾಶಿ ಇತ್ತು.

ಬಾಗಿಲು ತೆರೆದದ್ದು ಅವನ ಹೆಂಡತಿ.

"ಅಬ್ಬಾ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?"

"ಅತ್ತಿಗೆ, ಆಮೇಲೆ ಬೈಯಿರಿ. ಎಲ್ಲಿ ಅವನು?"

ಅವನು ಕಿಟಕಿಯ ಪಕ್ಕ, ಕೈಯಿರುವ ಕುರ್ಚಿಯಲ್ಲಿ ಕೂತು, ಬಿಚ್ಚಿದ ರೇಡಿಯೊ ಒಂದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಬೇಸಗೆಯಲ್ಲೂ ಕತ್ತಿಗೆ ಮಫ್ಲರ್. ಮೈ ಇಳಿದಿತ್ತು. ನನ್ನನ್ನು ಕಂಡು ಕಣ್ಣರಳಿಸಿದ. ನನಗೆ ಅದನ್ನೆಲ್ಲ ನೋಡುವ ವ್ಯವಧಾನ ಇರಲಿಲ್ಲ.

"ಪುಟ್ಟಿಯ ಮೇಲಿನ ಸಿಟ್ಟಿಗೆ ಐದು ಜನರ ಜೀವ ತೆಗೆಯೋಕೆ ಹೋದೆಯಲ್ಲ, ನಿನಗೆ ಮನಸ್ಸಾದ್ರೂ ಹೇಗೆ ಬಂತು?"

ಅವನು ಹುಬ್ಬು ಗಂಟಿಕ್ಕಿದ.

"ಏನೂ ಗೊತ್ತಿಲ್ಲದವನ ಹಾಗೆ ನೋಡಬೇಡ. ನೀನು ಆ ಏರ್‌ಪೋರ್ಟಿಗೆ ಹೋಗಿದ್ದೆ. ಮುಚ್ಚಳ ಬಿಚ್ಚಿ ರಾಟೆಗೆ ತಪ್ಪು ಗ್ರೀಸ್ ತುಂಬಿದೆ. ಅಷ್ಟಕ್ಕೆ ಸುಮ್ಮನಿರದೆ, ರೆಕ್ಕೆ ತುದೀಲಿ ನಿಂತು ನಮ್ಮ ಹಾಡನ್ನೂ ಹಾಡಿದೆ. ಮೇಷ್ಟ್ರ ನೆನಪು ಆಗಲಿಲ್ವಾ ನಿನಗೆ?"

ಅವನು ಕುರ್ಚಿಯ ಕೈಗೆ ಬಿಗಿದಿದ್ದ ಸೈಕಲ್ ಬೆಲ್ಲನ್ನು ಟ್ರಿಣ್ ಟ್ರಿಣ್ ಎಂದು ಒತ್ತಿದ. ಒಳಗೆ ಹೋಗಿದ್ದ ಅತ್ತಿಗೆ ವಾಪಸ್ಸು ಬಂದರು. ಅವನು ಸನ್ನೆ ಮಾಡಿದ, ಅವರು ನೀರು ತರಲು ಹೋದರು.

"ಬೆಲ್ಲು ಹೊಡೆದು ಮಾತು ತಪ್ಪಿಸ್ತೀಯಾ? ಬಾಯಿ ಬಿಡು. ಹಾಡೋಕೆ ಬರತ್ತೆ, ಹೇಳೋಕೆ ಬರಲ್ವಾ?"

ಹಾಡಣ್ಣ ಮೆಲ್ಲಗೆ ಮಫ್ಲರ್ ಬಿಚ್ಚಿದ.

ಗಂಟಲಿನ ಮೇಲೆ, ಈ ಕಡೆಯಿಂದ ಆ ಕಡೆಗೆ, ಹೊಲಿದ ಗಾಯದ ಗುರುತು. ಅವನು ತುಟಿ ಆಡಿಸಿದ. ಗಾಳಿ ಹೊರಬಂತು, ಗಾಳಿಯೊಳಗೆ ಎಲ್ಲೋ ಮಾತಿತ್ತು. ಕೇಳಿಸಿಕೊಳ್ಳಲು ನಾನು ಮೊಣಕಾಲೂರಿ ಅವನ ಬಾಯಿಯ ಹತ್ತಿರ ಕಿವಿ ತರಬೇಕಾಯಿತು.

"ಹೋದ ವರ್ಷ ಆಪರೇಷನ್ ಆಯ್ತು. ಅಡುಗೆಮನೇಲಿರೋ ಅವಳನ್ನ ಕರೆಯೋಕೂ ಈ ಬೆಲ್ಲೇ ಗತಿ. ರೆಕ್ಕೆ ತುದಿಯಿಂದ ಕೂಗೋದು ಎಲ್ಲಿಂದ ಬಂತು ಕಣೇ?"

ನಾನು ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಹ್ಯಾಂಗರಿನ ನಾಲ್ಕು ಮೂಲೆ ಮುಟ್ಟುತ್ತಿದ್ದ ದನಿ. ಅದು ಹೋಗಿ ಒಂದು ವರ್ಷವಾದರೂ ನನಗೆ ಗೊತ್ತಿರಲಿಲ್ಲ. ನನ್ನ ಬಾಯಿಯೋ, ಬಂದದ್ದೇ ಕತ್ತಿ ಬೀಸಿತ್ತು. ನಾಚಿಕೆಯಾಯಿತು, ದುಃಖವೂ ಆಯಿತು. ಯಾವುದು ಮೊದಲು ಎಂದು ತಿಳಿಯಲಿಲ್ಲ. ಅವನ ಮೊಣಕಾಲಿಗೆ ಹಣೆ ಹಚ್ಚಿ ಅತ್ತೆ.

ಅವನು ನನ್ನ ತಲೆ ತಟ್ಟಿ, ಮತ್ತೆ ಗಾಳಿಯಂಥ ದನಿಯಲ್ಲಿ, "ಅಳಬೇಡ. ರೇಡಿಯೊ ಮೇಲೆ ಬಿದ್ರೆ ಶಾರ್ಟ್ ಆಗತ್ತೆ" ಎಂದ.

ನಗು ಬಂತು. ಅತ್ತಿಗೆ ನೀರು ತಂದು ಕೊಟ್ಟು, ಇಬ್ಬರ ಮುಖವನ್ನೂ ನೋಡಿ, ಏನೂ ಕೇಳದೆ ಒಳಗೆ ಹೋದರು. ಹಾಡಣ್ಣ ಮೇಷ್ಟ್ರ ವಿಷಯ ತೆಗೆದ. ಒಂದು ನಟ್ಟು ಕಳೆದುಹೋದರೆ ಅದು ಸಿಗುವವರೆಗೆ ಯಾರನ್ನೂ ಮನೆಗೆ ಬಿಡುತ್ತಿರಲಿಲ್ಲವಲ್ಲ. ಒಮ್ಮೆ ಸಂಜೆಯೆಲ್ಲ ಹುಡುಕಿಸಿ ಕೊನೆಗೆ ಅದು ಅವರದೇ ಜೇಬಿನಲ್ಲಿ ಸಿಕ್ಕಿತಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕೆವು. ಅವನ ನಗುವಿಗೂ ಸದ್ದಿರಲಿಲ್ಲ.

ಕೊನೆಗೆ ನಾನೇ, "ನೀನಲ್ಲ. ನಾನಲ್ಲ. ಮೇಷ್ಟ್ರು ಇಲ್ಲ. ಹಾಗಾದ್ರೆ ಪೈಲಟ್ ಕೇಳಿಸಿಕೊಂಡ ಆ ಮಾತು ಆಡಿದ್ದು ಯಾರು?" ಎಂದೆ.

ಹಾಡಣ್ಣ ರೇಡಿಯೊದ ಒಂದು ತಂತಿಯನ್ನು ಬೆರಳಿಗೆ ಸುತ್ತಿಕೊಂಡ.

"ಆ ಮಾತು ಹುಟ್ಟಿದ್ದು ಹೇಗೆ, ನೆನಪಿದೆಯಾ?"

"ಮೇಷ್ಟ್ರು ಕಲಿಸಿದ್ದು."

ಅವನು ಅಲ್ಲವೆಂದು ತಲೆಯಾಡಿಸಿದ. ನಾನು ಮತ್ತೆ ಅವನ ತುಟಿಯ ಹತ್ತಿರ ಬಾಗಿದೆ.

"ನೀನು ಅವತ್ತು ರಜಾ ಹಾಕಿದ್ದೆ. ಒಳಗೆ ಚುಕ್ಕಾಣಿ ಹಿಡಿಯೋಕೆ ಯಾರೂ ಇರಲಿಲ್ಲ. ಮೇಷ್ಟ್ರು ಮಗಳನ್ನೇ ಎತ್ತಿ ಸೀಟಲ್ಲಿ ಕೂರಿಸಿದ್ರು, ಕೆಳಗೆ ಎರಡು ದಿಂಬು. ಅದಕ್ಕೋ ಹಸಿವು. ಮನೆಗೆ ಹೋಗೋಣ ಅಂತ ಒಂದೇ ರಾಗ. ಮೇಷ್ಟ್ರು, ಇರು ಪುಟ್ಟಿ, ಕಿವಿ ಅದರ ಜಾಗಕ್ಕೆ ಬರಲಿ ಅಂದ್ರು. ಅದು ತಿರುಗಿಸಿ ತಿರುಗಿಸಿ ಕೇಳ್ತು, 'ಅಪ್ಪಾ, ಕಿವಿ ಮನೆಗೆ ಬಂತಾ? ನಾವೂ ಹೋಗೋಣ್ವಾ?' ಅಂತ. ನನಗೆ ತಡೆಯೋಕಾಗಲಿಲ್ಲ, ಹಾಡಿಬಿಟ್ಟೆ. ಆಮೇಲೆ ನಾನು ಹಾಡೋಕೆ ತಡ ಮಾಡಿದ್ರೆ ಅದೇ ಹಾಡ್ಕೊಂಡುಬಿಡ್ತಿತ್ತು."

ಅಷ್ಟು ಹೇಳುವಷ್ಟರಲ್ಲಿ ಅವನು ಸುಸ್ತಾದ. ನೀರು ಗುಟುಕರಿಸಿದ.

"ಏನು ಹೇಳ್ತಿದ್ದೀಯ ನೀನು?" ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

"ಏನೂ ಹೇಳ್ತಿಲ್ಲ. ಒಂದು ಕೇಳ್ತೀನಿ. ಆ ಮೆಕ್ಯಾನಿಕ್‌ನ ಪೈಲಟ್ 'ಅವನು' ಅಂದನಾ, 'ಅವರು' ಅಂದನಾ?"

ಕ್ಯಾಪ್ಟನ್ನರ ಮಾತನ್ನು ಮನಸ್ಸಿನಲ್ಲಿ ಮತ್ತೆ ಓಡಿಸಿದೆ.

ಬಂದಿದ್ರು. ಅಂದ್ರು. ಕೂಗಿದ್ರು. ಕ್ಯಾಪ್ಟನ್ ಮರ್ಯಾದೆಯ ಮನುಷ್ಯ, ಮಾತಿನುದ್ದಕ್ಕೂ ಬಹುವಚನ. ಆ ಬಹುವಚನದೊಳಗೆ ಗಂಡಸೂ ಹಿಡಿಸುತ್ತಾನೆ, ಹೆಂಗಸೂ ಹಿಡಿಸುತ್ತಾಳೆ. ನಾನೇ ಅದರೊಳಗೆ ಒಬ್ಬ ಗಂಡಸನ್ನು ಕೂರಿಸಿ, ಅವನ ಮುಖಕ್ಕೆ ಹಾಡಣ್ಣನ ಮುಖ ಅಂಟಿಸಿಕೊಂಡು ಓಡಿ ಬಂದಿದ್ದೆ. ಮೆಕ್ಯಾನಿಕ್ ಹೆಂಗಸಾಗಿರಲು ಸಾಧ್ಯವೆಂದು ಹೊಳೆಯಲಿಲ್ಲ, ಅದೂ ನನಗೆ! ಜೀವಮಾನವೆಲ್ಲ ಸ್ಪ್ಯಾನರು ಹಿಡಿದವಳಿಗೆ!

"ಅವಳು ಆಸ್ಪತ್ರೆಯಲ್ಲಿದ್ಲು. ಬಾಯಿ ಮುಚ್ಕೋ!" ಎಂದು ಕಿರುಚಿದೆ.

ಯಾರಿಗೆ ಹೇಳುತ್ತಿದ್ದೇನೆಂದು ಹೊಳೆದು ನಾಲಗೆ ಕಚ್ಚಿಕೊಂಡೆ.

ಹಾಡಣ್ಣನಿಗೆ ಬೇಸರವಾದಂತೆ ಕಾಣಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು. "ಅವಳನ್ನ ಎತ್ತಿ ಆಡಿಸಿದ್ದು ನೀನೊಬ್ಬಳೇ ಅಲ್ಲ. ನನ್ನ ಮಾತು ಸುಳ್ಳಾಗಲಿ. ಹೋಗು, ಕೇಳು" ಎಂದ.

*

ಹ್ಯಾಂಗರಿಗೆ ವಾಪಸ್ಸಾದಾಗ ಸಂಜೆಯ ಬಿಸಿಲು ದೊಡ್ಡ ಬಾಗಿಲಿನಿಂದ ಒಳಬಂದು ನೆಲದ ಎಣ್ಣೆಕಲೆಗಳ ಮೇಲೆ ಬಿದ್ದಿತ್ತು. ಮೇಷ್ಟ್ರಿಗೆ ಇಷ್ಟವಾದ ಹೊತ್ತು. ಈ ಬೆಳಕಲ್ಲಿ ರೆಕ್ಕೆಯ ಸಣ್ಣ ಗೀರೂ ಕಾಣುತ್ತದೆ ಎನ್ನುತ್ತಿದ್ದರು.

ತಪ್ಪು ಗ್ರೀಸಿನ ರಾಟೆಯನ್ನು ನಾಳೆಯ ವಿಚಾರಣೆಗಾಗಿ ಚೀಲದಲ್ಲಿ ಹಾಕಿ ಮುದ್ರೆ ಒತ್ತಿ ಇಟ್ಟಾಗಿತ್ತು. ಅದರ ಜಾಗಕ್ಕೆ ಹೊಸದು ಕೂತಿತ್ತು. ಕೊನೆಯ ಪರೀಕ್ಷೆಯೊಂದು ಬಾಕಿ. ಪುಟ್ಟಿ ಆಗಲೇ ಒಳಗೆ ಹತ್ತಿ ಕೂತಿದ್ದಳು. ಮುಂದಿನ ಗಾಜಿನಿಂದ ಕೈಬೀಸಿದಳು. ಬೆಳಿಗ್ಗೆ ಬಾಡಿದ್ದ ಮುಖ ಈಗ ಗೆಲುವಾಗಿತ್ತು.

"ಎಲ್ಲಿ ಹೋಗಿದ್ರಿ ಅತ್ತೆ? ಎಷ್ಟು ಹೊತ್ತು! ವಕೀಲರು ಹೇಳಿದ್ರು, ಗ್ರೀಸ್ ವಿಷಯ ಒಂದಿದ್ರೆ ಸಾಕಂತೆ. ಬನ್ನಿ, ರೆಕ್ಕೆ ಹತ್ರ ನಿಂತ್ಕೊಳ್ಳಿ. ಅಪ್ಪನ ಕಾಲದ ಹಾಗೆ ಮಾಡೋಣ."

"ಒಂದು ನಿಮಿಷ" ಎಂದೆ. ರೆಕ್ಕೆಯ ತುದಿಗೆ ಹೋಗಿ, ಅವಳಿಗೆ ಬೆನ್ನು ಹಾಕಿ ಫೋನ್ ಮಾಡಿದೆ.

"ಕ್ಯಾಪ್ಟನ್, ಒಂದೇ ಪ್ರಶ್ನೆ. ಆ ಮೆಕ್ಯಾನಿಕ್ ಗಂಡಸಾ, ಹೆಂಗಸಾ?"

"ಹೆಂಗಸು ಮೇಡಂ. ಅದನ್ನೇ ಹೇಳೋಕೆ ಬಂದೆ, ನೀವು ಓಡಿಬಿಟ್ರಿ. ಈ ಕೆಲಸದಲ್ಲಿ ಹೆಂಗಸರು ಅಪರೂಪ ಅಲ್ವಾ, ಅದಕ್ಕೇ ನೆನಪಿದೆ. ಯಾಕೆ, ನಾನು ಗಂಡಸು ಅಂದ್ನಾ?"

"ಇಲ್ಲ. ನೀವು ಅನ್ನಲಿಲ್ಲ" ಎಂದೆ. ಫೋನನ್ನು ಜೇಬಿಗೆ ಹಾಕಿದೆ.

ಆ ರಾಗ ಗೊತ್ತಿರುವ ಹೆಂಗಸರು ಪ್ರಪಂಚದಲ್ಲಿ ಇಬ್ಬರು. ಒಬ್ಬಳು ಇಲ್ಲಿ ರೆಕ್ಕೆಯ ಅಂಚಿಗೆ ಅಂಗೈ ಊರಿ ನಿಂತಿದ್ದಳು.

ಯಾಕೆ, ಪುಟ್ಟಿ? ಯಾರ ಮಾತು ಕೇಳಿ ಹೋದೆ? ಗ್ರೀಸ್ ತಪ್ಪೆಂದು ನಿನಗೆ ಗೊತ್ತಿತ್ತಾ? ಗೊತ್ತಿಲ್ಲದೆ ಆದದ್ದಾದರೆ ನನ್ನ ಹತ್ತಿರ ಯಾಕೆ ಸುಳ್ಳು ಹೇಳಿದೆ? ಕ್ಯಾಪ್ಟನ್ ಬರುತ್ತಾರೆ ಎಂದ ಕೂಡಲೇ ಅವಳು ಬ್ಯಾಗು ಹೆಗಲಿಗೇರಿಸಿದ್ದು ಕಣ್ಣೆದುರು ಬಂತು. ನಾಳೆ ಬೆಳಿಗ್ಗೆ ನಾನು ಸಮಿತಿಯ ಮುಂದೆ ಕೂತು, ಮುಚ್ಚಳ ಬಿಚ್ಚಿದವರು ಬೇರೆ ಯಾರೋ ಎಂದು ಹೇಳಬೇಕು. ಹೇಳಿದರೆ ಅವಳು ಉಳಿಯುತ್ತಾಳೆ, ಮೇಷ್ಟ್ರ ಹ್ಯಾಂಗರು ಉಳಿಯುತ್ತದೆ.

ಅಂಗೈ ಕೆಳಗೆ ಕಿವಿ ಮೇಲಕ್ಕೆ ಎದ್ದಿತು. ಕೆಳಗೆ ಬಾಗಿತು. ಮೆಲ್ಲಗೆ, ಒಂದು ಕೂದಲೆಳೆಯೂ ಆಚೀಚೆಯಾಗದಂತೆ, ರೆಕ್ಕೆಗೆ ಸಮವಾಗಿ ಬಂದು ನಿಂತಿತು. ಎಂಥ ಹದವಾದ ಕೈ ಅವಳದು. ಕಲಿಸಿದ್ದರಲ್ಲಿ ನನ್ನ ಪಾಲೂ ಇತ್ತು.

"ಅತ್ತೇ, ಕಿವಿ ಮನೆಗೆ ಬಂತಾ?"

ಬಂದಿತ್ತು. ಒಂದೇ ಒಂದು ಮಾತು, ಹೇಳಿದರೆ ಮುಗಿಯಿತು. ಬಾಯಿ ತೆರೆದೆ. ಹಾಡಣ್ಣನ ಗಂಟಲಿನಿಂದ ಹೊರಟಂಥ ಬರೀ ಗಾಳಿ ಹೊರಟಿತು.

"ಅತ್ತೇ?"

ಒಳಗಿನಿಂದ ಪುಟ್ಟಿ ಕಿಲಕಿಲ ನಕ್ಕಳು. ಆಮೇಲೆ, ಚಿಕ್ಕಂದಿನಲ್ಲಿ ಎರಡು ದಿಂಬಿನ ಮೇಲೆ ಕೂತು ಮಾಡುತ್ತಿದ್ದ ಹಾಗೆಯೇ, ಉತ್ತರಕ್ಕೆ ಕಾಯದೆ ತಾನೇ ಹಾಡಿಕೊಂಡಳು.

"ಬಂತೂ... ಮನೆಗೆ ಬಂತೂ..."

ಮೊದಲನೆಯದು ಮೇಲಕ್ಕೆ ಏರಿತು. ಎರಡನೆಯದು ಅಲ್ಲೇ ಸ್ವಲ್ಪ ತೂಗಾಡಿ ಮೆಲ್ಲಗೆ ಕೆಳಗಿಳಿಯಿತು.